ಮಲಗಿ ಎದ್ದವರ ಪುಸ್ತಕ

ನಮ್ಮ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಿಗೆ ಎರಡು ಉಡುಗೊರೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವಿದೆ. ಅದೇ ಹೋಟೆಲಿನಲ್ಲಿ ಅತಿಥಿಯಾಗಿ ಒಂದು ರಾತ್ರಿ ತಂಗಬಹುದು. ಬೇಡವೆಂದರೆ ಒಂದು ಫ್ರಿಜ್. ನಾನು ಕಂಡಂತೆ ಎಲ್ಲರೂ ಫ್ರಿಜ್ಜನ್ನೇ ಹೊತ್ತುಕೊಂಡು ಹೋದವರು. ಮುಖ್ಯ ಅಡುಗೆಯವನು ಫ್ರಿಜ್ ತೆಗೆದುಕೊಂಡ. ಲಿಫ್ಟಿನವನು ಫ್ರಿಜ್ ತೆಗೆದುಕೊಂಡ. ಮನೆಯಲ್ಲಿ ಆಗಲೇ ಒಂದಿದ್ದರೂ ತೋಟದ ಹಿರಿಯ ಇನ್ನೊಂದು ಫ್ರಿಜ್ ತೆಗೆದುಕೊಂಡು ಅದರಲ್ಲಿ ಬೀಜಗಳನ್ನಿಟ್ಟ. ನಾನು "ನಂಗೆ ರಾತ್ರಿ ಬೇಕು" ಅಂದಾಗ ಆಫೀಸಿನ ಗುಮಾಸ್ತನಿಗೆ ಅದಕ್ಕೆ ಯಾವ ಫಾರಂ ತುಂಬಬೇಕೆಂದೇ ಗೊತ್ತಿರಲಿಲ್ಲ.

ಮನೆಯಲ್ಲಿ ನನ್ನ ಗಂಡ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಅವರ ಸಿಟ್ಟಿಗೆ ಕಾರಣವಿತ್ತು. ನಮ್ಮ ಫ್ರಿಜ್ಜಿನ ಬಾಗಿಲು ನಿಲ್ಲದೆ, ಅದಕ್ಕೆ ಒಂದು ಸ್ಟೂಲು ಒತ್ತಿಟ್ಟು ಎರಡು ವರ್ಷವಾಗಿತ್ತು. ಆ ಸ್ಟೂಲಿನ ಮೇಲೆ ಕೂರಬೇಕಾದವರು ಅವರು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೇ" ಅಂದರು ನಾಲ್ಕನೇ ದಿನ.

"ಆ ಹಾಸಿಗೆ ಆರೂವರೆ ಅಡಿ ಇದೆ ರೀ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟು ಬೇಕಾದ್ರೂ ಚಾಚಬಹುದು."

ಅವರು ತಲೆ ಚಚ್ಚಿಕೊಂಡರು. ಜೊತೆಗೆ ಬನ್ನಿ ಅಂದರೆ, ಆ ಜಾಗದಲ್ಲಿ ನನಗೆ ಕೆಮ್ಮೋಕೂ ಹೆದರಿಕೆ, ನೀನೇ ಹೋಗಿ ಮಹಾರಾಣಿಯಾಗು ಅಂದರು. ನಾನು ಹಿಡಿದ ಹಟ ಬಿಡುವವಳಲ್ಲ ಎಂಬುದು ಅವರಿಗೆ ಮದುವೆಯಾದ ತಿಂಗಳಲ್ಲೇ ಗೊತ್ತಾಗಿತ್ತು, ಹಾಗಾಗಿ ಮಾತು ಅಲ್ಲಿಗೆ ನಿಂತಿತು.

ನನಗೆ ಬೇಕಾಗಿದ್ದದ್ದು ಮೆತ್ತನೆಯ ಹಾಸಿಗೆಯಲ್ಲ. ನನಗೆ ಬೇಕಾಗಿದ್ದದ್ದು ಒಂದು ಪುಸ್ತಕದಲ್ಲಿ ನನ್ನ ಹೆಸರು.

ಹೋಟೆಲು ಹಿಂದೆ ಅರಮನೆಯಾಗಿತ್ತು. ನಗರದ ದೊಡ್ಡ ಚೌಕಕ್ಕೆ ಮುಖ ಮಾಡಿ ನಿಂತಿದೆ, ಮುಂದೆ ಕಾರಂಜಿ, ಒಳಗೆ ಅಮೃತಶಿಲೆಯ ಮೆಟ್ಟಿಲು, ನೂರ ಹನ್ನೆರಡು ಕೋಣೆ. ಕೆಳಗಿನ ಹಾಲಿನಲ್ಲಿ ಗಾಜಿನ ಮುಚ್ಚಳದ ಒಂದು ಮೇಜಿದೆ. ಅದರೊಳಗೆ ಚರ್ಮದ ಹೊದಿಕೆಯ ದಪ್ಪ ಪುಸ್ತಕ. ಅದರ ಮೊದಲ ಪುಟದಲ್ಲಿ ಹೋಟೆಲು ಶುರುಮಾಡಿದ ಯಜಮಾನರು ತಮ್ಮ ಕೈಯಾರೆ ಬರೆದಿದ್ದಾರೆ: "ಈ ಮನೆಯ ಹಾಸಿಗೆಗಳಲ್ಲಿ ಮಲಗಿ ಎದ್ದವರ ಹೆಸರುಗಳು." ಒಳಗೆ ನಾಲ್ಕು ಕಾಲಂ. ಹೆಸರು, ಊರು, ಉದ್ಯೋಗ, ಅಭಿಪ್ರಾಯ. ಸಂಗೀತಗಾರರು, ಸೇನಾಪತಿಗಳು, ಹಡಗಿನ ಮಾಲೀಕರು, ಸುಮ್ಮನೆ ದುಡ್ಡಿದ್ದವರು, ಎಲ್ಲರೂ ಅದರಲ್ಲಿದ್ದಾರೆ. ಕೋಣೆ ಖಾಲಿ ಮಾಡುವಾಗ ಪುಸ್ತಕವನ್ನು ಹೊರತೆಗೆದು ಅತಿಥಿಯ ಮುಂದೆ ಇಡುವುದು ಪದ್ಧತಿ.

ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೇಳು ವರ್ಷ. ಆ ಮೇಜು ಒರೆಸುವುದು ಹೊಸಬರ ಕೆಲಸ. ಒಂದು ದಿನ ಮುಚ್ಚಳ ತೆಗೆದವಳು ಆಸೆ ತಡೆಯಲಾಗದೆ ನಾಲ್ಕು ಪುಟ ತಿರುವಿದೆ. ಆಗಿನ ಮ್ಯಾನೇಜರ್ ಬಂದು ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಹಾಸೋರು ಬೇರೆ, ಮಲಗೋರು ಬೇರೆ ಕಣಮ್ಮ. ಇದು ಮಲಗೋರ ಪುಸ್ತಕ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ನಗುನಗುತ್ತಾ ಹೇಳಿದರು, ಅದಕ್ಕೇ ಮರೆಯಲಾಗಲಿಲ್ಲ. ಆಮೇಲೆ ಮೂವತ್ತೊಂದು ವರ್ಷ ಆ ಮನೆಯ ಹಾಸಿಗೆಗಳನ್ನು ಹಾಸಿದೆ, ಮೊದಲ ಮಹಡಿಯ ಮೇಲ್ವಿಚಾರಕಿಯಾದೆ, ಹೊಸಬರಿಗೆ ಕೆಲಸ ಕಲಿಸಿದೆ. ಆ ಮಾತು ಮಾತ್ರ ಎದೆಯಲ್ಲಿ ಹಾಗೆಯೇ ಇತ್ತು.

ಹೀಗಾಗಿ ಒಂದು ಮಧ್ಯಾಹ್ನ ಎರಡು ಗಂಟೆಗೆ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಿಕ್ಕ ಪೆಟ್ಟಿಗೆ ಹಿಡಿದು, ಜೀವನದಲ್ಲಿ ಮೊದಲ ಬಾರಿಗೆ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋದೆ. ಬಾಗಿಲು ಕಾಯುವವನು ಅಭ್ಯಾಸದಂತೆ ಸೆಲ್ಯೂಟ್ ಹೊಡೆದ, ಆಮೇಲೆ ನನ್ನ ಮುಖ ನೋಡಿ ಕಕ್ಕಾಬಿಕ್ಕಿಯಾದ. ಹೊಡೆದ ಸೆಲ್ಯೂಟ್ ವಾಪಸು ತೆಗೆದುಕೊಳ್ಳಲು ಬರುವುದಿಲ್ಲವಲ್ಲ, ನಾನು ತಲೆಯಾಡಿಸಿ ಮುಂದೆ ನಡೆದೆ.

ನನಗೆ ಕೊಟ್ಟದ್ದು ಹದಿನೇಳನೇ ಕೋಣೆ. ಚೌಕದ ಕಡೆಗೆ ಮೂರು ಕಿಟಕಿ, ಗೋಡೆಗೆ ರೇಷ್ಮೆ, ನಾಲ್ಕು ಕಂಬದ ಮಂಚ, ಮಂಚದ ಮೇಲೆ ಮಡಿಕೆ ಮಡಿಕೆಯಾಗಿ ಜಾಲರಿ ಇಳಿಬಿಟ್ಟ ಬಟ್ಟೆಯ ಛತ್ರಿ. ಈ ಕೋಣೆಯ ಒಂದೊಂದು ಹಿಡಿಕೆಯನ್ನೂ ನಾನು ಉಜ್ಜಿದವಳು. ಹಾಸಿಗೆ ನೋಡಿದ ಕೂಡಲೇ ಇದು ಗಡಿಯಾರದ ಕೈಕೆಲಸ ಎಂದು ತಿಳಿಯಿತು.

ಗಡಿಯಾರ ಎಂದರೆ ನನ್ನ ನಂತರ ಮೊದಲ ಮಹಡಿಯ ಮೇಲ್ವಿಚಾರಕಿಯಾದವಳು. ಎರಡು ಮಕ್ಕಳ ತಾಯಿ, ನನ್ನ ಕೈಕೆಳಗೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳು. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾರದ ಕಾರಣ ಆ ಹೆಸರು. ಹೊತ್ತು ಗೊತ್ತಿಲ್ಲದಿದ್ದರೂ ಅವಳ ಕೈ ಮಾತ್ರ ಚಿನ್ನ. ಚಾದರದ ಮೂಲೆಗಳನ್ನು ಚಾಕುವಿನಿಂದ ಕತ್ತರಿಸಿದ ಹಾಗೆ ಮಡಿಸಿದ್ದಳು, ದಿಂಬಿನ ಮೇಲೆ ಒಂದು ಸುಕ್ಕಿಲ್ಲ. ನನ್ನ ಕಣ್ಣು ತುಂಬಿ ಬಂತು. ನನಗಾಗಿ ಯಾರೂ ಈವರೆಗೆ ಹಾಸಿಗೆ ಹಾಸಿಕೊಟ್ಟಿರಲಿಲ್ಲ.

ಅಲ್ಲೇ ನಾನು ಎಡವಿದ್ದು. ಅಂಥ ಹಾಸಿಗೆಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಅಂಚಿನಲ್ಲಿ ಕೂತೆ, ಎದ್ದು ಕೈಯಿಂದ ಸವರಿ ಸರಿಮಾಡಿದೆ. ಇನ್ನೊಮ್ಮೆ ಕೂತೆ, ಇನ್ನೊಮ್ಮೆ ಸವರಿದೆ. ಕೊನೆಗೆ ಮನೆಯಿಂದ ತಂದಿದ್ದ ಹೊದಿಕೆಯನ್ನು ನೆಲದ ಕಡುಗೆಂಪು ಜಮಖಾನದ ಮೇಲೆ ಹಾಸಿಕೊಂಡು, ಮಂಚದ ಪಕ್ಕದಲ್ಲಿ ನೆಲದ ಮೇಲೆಯೇ ರಾತ್ರಿ ಕಳೆದೆ. ಅಷ್ಟಕ್ಕೇ ಬಿಟ್ಟೆನೇ? ಬೆಳಿಗ್ಗೆ ಐದಕ್ಕೆ ಎದ್ದವಳು ಹೊದಿಕೆ ಮಡಿಸಿ ಪೆಟ್ಟಿಗೆಗೆ ಹಾಕಿದೆ, ಜಮಖಾನದ ಜುಂಗನ್ನು ಅಂಗೈಯಿಂದ ಒಂದೇ ದಿಕ್ಕಿಗೆ ನೀವಿದೆ, ಮನೆಯ ಸೋಪಿನಲ್ಲಿ ಸ್ನಾನ ಮಾಡಿ ಮನೆಯ ಟವೆಲಿನಲ್ಲೇ ಮೈ ಒರೆಸಿಕೊಂಡೆ, ನಲ್ಲಿ ಒರೆಸಿದೆ, ಕನ್ನಡಿ ಒರೆಸಿದೆ, ಹೋಟೆಲಿನ ಟವೆಲಿನ ಮಡಿಕೆಯನ್ನೂ ಕಂಬಿಯ ಮೇಲೆ ನೇರ ಮಾಡಿದೆ. ಕೈ ತಾನಾಗಿಯೇ ಮಾಡಿತು. ನಾನು ಪೆಟ್ಟಿಗೆ ಹಿಡಿದು ತಿಂಡಿಗೆಂದು ಕೆಳಗಿಳಿಯುವಾಗ ಆ ಕೋಣೆಯಲ್ಲಿ ಒಂದು ನೊಣ ಕೂಡ ತಂಗಿದ ಗುರುತಿರಲಿಲ್ಲ.

ಒಂಬತ್ತು ಗಂಟೆಗೆ ಕೌಂಟರಿಗೆ ಹೋದೆ. ಈಗಿನ ಮ್ಯಾನೇಜರ್ ನಿಂತಿದ್ದರು. ನಲವತ್ತರ ಒಳಗಿನವರು, ಪ್ಯಾಂಟಿನ ಗೆರೆ ಹಗಲಿಡೀ ಒಂದೇ ಸಮ ಇರುವುದರಿಂದ ನಾವು ಹಿಂದಿನಿಂದ ಇಸ್ತ್ರಿ ಎಂದು ಕರೆಯುತ್ತೇವೆ. ಕೆಟ್ಟವರಲ್ಲ. ಕಾಗದದಲ್ಲಿ ಇಲ್ಲದ್ದನ್ನು ನಂಬುವವರಲ್ಲ, ಅಷ್ಟೇ.

"ಪುಸ್ತಕ ತೆಗೀರಿ ಸಾರ್. ಸಹಿ ಹಾಕಿ ಹೊರಡ್ತೀನಿ" ಅಂದೆ. ಪೆನ್ನು ಮನೆಯಿಂದಲೇ ತಂದಿದ್ದೆ.

ಇಸ್ತ್ರಿ ಪಟ್ಟಿಯ ಮೇಲೆ ಬೆರಳಾಡಿಸಿದರು, ನನ್ನ ಮುಖ ನೋಡಿದರು, ಮತ್ತೆ ಪಟ್ಟಿ ನೋಡಿದರು. "ಅಮ್ಮಾ, ಹದಿನೇಳರಲ್ಲಿ ಮಲಗಿಲ್ಲ ಅಂತ ಬಂದಿದೆ."

ಇದನ್ನು ಸ್ವಲ್ಪ ಹೇಳಬೇಕು. ಪ್ರತಿದಿನ ಬೆಳಿಗ್ಗೆ ಅತಿಥಿಗಳು ತಿಂಡಿಗೆ ಹೋದಾಗ ಮೇಲ್ವಿಚಾರಕಿ ಕೋಣೆಗಳನ್ನು ನೋಡಿ ಪಟ್ಟಿಯಲ್ಲಿ "ಮಲಗಿದ್ದಾರೆ", "ಮಲಗಿಲ್ಲ" ಎಂದು ಬರೆಯಬೇಕು. ಕೋಣೆ ಹಿಡಿದು ರಾತ್ರಿ ಬಾರದವರಿಗೆ ಎಲ್ಲೋ ಏನೋ ಆಗಿರಬಹುದು, ವಿಚಾರಿಸಬೇಕಾಗುತ್ತದೆ. ಹಿಂದೆ ಕೆಲವರು ಬಾಗಿಲಲ್ಲೇ ನಿಂತು ಅಂದಾಜಿನಿಂದ ಬರೆಯುತ್ತಿದ್ದರು. ಅದನ್ನು ಬಿಡಿಸಿದವಳು ನಾನು. ಹಾಸಿಗೆ ಸುಳ್ಳು ಹೇಳಲ್ಲ, ಕಂಡದ್ದು ಬರಿ, ಅನಿಸಿದ್ದು ಬರೀಬೇಡ ಎಂದು ಹತ್ತೊಂಬತ್ತು ವರ್ಷ ಗಡಿಯಾರದ ತಲೆ ತಿಂದವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ ಅಂದ ಹಾಗಾಯಿತು.

"ನಾನು ಇಲ್ಲೇ ಇದ್ದೆ ಸಾರ್."

"ಇದ್ರಿ, ಸರಿ. ಮಲಗಿದ್ರಾ?"

ಸುಳ್ಳು ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಆಡಿದರೆ ಗಡಿಯಾರ ಸುಳ್ಳಿಯಾಗುತ್ತಿದ್ದಳು. "ನೆಲದ ಮೇಲೆ ಮಲಗಿದ್ದೆ" ಅಂದೆ. ಪಕ್ಕದಲ್ಲಿ ನಿಂತಿದ್ದ ಗುಮಾಸ್ತನ ತುಟಿ ಅಲುಗಿತು. ನಕ್ಕನೋ ಏನೋ, ನಾನು ಆ ಕಡೆ ನೋಡಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಇಸ್ತ್ರಿ ದನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ. ಮೊದಲ ಪುಟದಲ್ಲಿ ಏನಿದೆ ಅಂತ ನಿಮಗೇ ಗೊತ್ತು. ಈ ಕೌಂಟರಿನಲ್ಲಿ ಅದನ್ನ ಮುರಿದವರು ಯಾರೂ ಇಲ್ಲ. ಆದ್ರೆ ಒಂದು ಅನುಕೂಲ ಇದೆ. ಕೋಣೆ ಬಳಕೆ ಆಗಿಲ್ಲ ಅಂತ ಬರೆದ್ರೆ ಫ್ರಿಜ್ ಇನ್ನೂ ಕೊಡಿಸಬಹುದು. ಸಂಜೆಗೇ ಮನೆಗೆ ಬರುತ್ತೆ."

ಹಿಂದಿನವರು ನಗುತ್ತಾ ಹೇಳಿದ್ದನ್ನು ಇವರು ಕರುಣೆಯಿಂದ ಹೇಳಿದರು. ವ್ಯತ್ಯಾಸ ಅಷ್ಟೇ. ಉಡುಗೊರೆ ಕೊಟ್ಟದ್ದು ಹೋಟೆಲಿನ ಮಾಲೀಕರು, ಅಡ್ಡ ನಿಂತದ್ದು ಇವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು. ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತೂ ಕಾಲು.

"ರೂಮ್ ಖಾಲಿ ಮಾಡೋದು ಹನ್ನೆರಡಕ್ಕೆ ಅಲ್ವಾ ಸಾರ್?"

"ಹೌದು."

"ಅಲ್ಲೀವರೆಗೂ ಅದು ನನ್ನ ರೂಮು."

"ನಿಮ್ದೇ."

"ಮೊದಲ ಪುಟದಲ್ಲಿ ಮಲಗಿ ಎದ್ದವರು ಅಂತ ಇದೆ. ರಾತ್ರಿ ಅಂತ ಎಲ್ಲೂ ಇಲ್ಲ. ಬೇಕಿದ್ರೆ ಓದಿ ನೋಡಿ, ನಂಗೆ ಬಾಯಿಪಾಠ ಇದೆ. ನಾನು ಹೋಗಿ ಮಲಗ್ತೀನಿ. ಹನ್ನೆರಡಕ್ಕೆ ಪುಸ್ತಕ ಹೊರಗಿರ್ಲಿ."

ನಾನು ಅಮೃತಶಿಲೆಯ ಮೆಟ್ಟಿಲಿನ ನಡುವೆಯೇ ಹತ್ತಿದೆ. ಕೆಲಸದವಳಾಗಿ ಇಷ್ಟು ವರ್ಷ ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಸಿಕೊಂಡವಳು.

ಕಾರಿಡಾರಿನಲ್ಲಿ ಗಡಿಯಾರ ತಳ್ಳುಗಾಡಿಗೆ ಆತುಕೊಂಡು ನಿಂತಿದ್ದಳು. ಸುದ್ದಿ ಅವಳಿಗೆ ನನಗಿಂತ ಮೊದಲೇ ತಲುಪಿತ್ತು. ಕಣ್ಣು ಕೆಂಪಾಗಿತ್ತು.

"ಅಕ್ಕಾ, ನೀವು ಮನೆಗೆ ಹೋಗಿಬಿಟ್ರಿ ಅಂದ್ಕೊಂಡೆ. ದಿಂಬು ಮುಟ್ಟಿಲ್ಲ, ಟವೆಲ್ ಮುಟ್ಟಿಲ್ಲ. ಬರೆಯೋಕೆ ಮನಸ್ಸೇ ಬರ್ಲಿಲ್ಲ. ಆದ್ರೆ ನೀವೇ ಅಲ್ವಾ ಹೇಳಿದ್ದು, ಕಂಡದ್ದು ಬರಿ ಅಂತ?"

ಸಿಟ್ಟು ಬರಬೇಕಿತ್ತು. ಬಂದದ್ದು ಹೆಮ್ಮೆ. ನನ್ನ ಮೇಲೂ ಸುಳ್ಳು ಬರೆಯದವಳನ್ನು ನಾನೇ ತಯಾರು ಮಾಡಿದ್ದೆ. "ಸರಿಯಾಗೇ ಬರ್ದಿದ್ದೀಯ. ಅಳಬೇಡ" ಅಂದೆ.

ಅವಳು ಸುತ್ತ ನೋಡಿ ಪಿಸುಗುಟ್ಟಿದಳು. "ಒಂದು ನಿಮಿಷ ಬಿಡಿ ಅಕ್ಕಾ, ಚಾದರ ಮುದುಡಿ ಹಾಕ್ತೀನಿ, ಪಟ್ಟಿ ತಿದ್ದಿಕೊಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ಕೈಯಿಂದ ಮುದುಡಿದ ಹಾಸಿಗೆಗೂ ಮಲಗಿ ಎದ್ದ ಹಾಸಿಗೆಗೂ ವ್ಯತ್ಯಾಸ ನಿಂಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ."

"ನಂಗೂ ಗೊತ್ತಾಗುತ್ತೆ. ಹನ್ನೆರಡಕ್ಕೆ ಬಾ. ಒಂದು ದಿನವಾದ್ರೂ ಹೊತ್ತಿಗೆ ಸರಿಯಾಗಿ ಬಾ ಮಾರಾಯ್ತಿ."

ಒಳಗೆ ಹೋಗಿ, "ತೊಂದರೆ ಕೊಡಬೇಡಿ" ಎಂಬ ಹಲಗೆಯನ್ನು ಹೊರಗಿನ ಹಿಡಿಕೆಗೆ ಸಿಕ್ಕಿಸಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನನ್ನ ಗಂಡ. ಇನ್ನೂ ಹೊರಡಲಿಲ್ಲವೇ ಎಂದು ಕೇಳಲು ಮಾಡಿದ್ದರು. ನಡೆದದ್ದನ್ನು ಹೇಳಿದೆ.

"ಫ್ರಿಜ್ ಇನ್ನೂ ಕೊಡ್ತಾರಂತಾ?" ಅಂದರು.

"ಕೊಡ್ತಾರಂತೆ."

"ನೀನು ಬೇಡ ಅಂದ್ಯಾ?"

"ಬೇಡ ಅಂದೆ."

ಬೈಗುಳಕ್ಕೆ ಕಾದೆ. ಅವರು ಕೆಮ್ಮಿದರು. "ಸರಿ ಹಾಗಾದ್ರೆ. ಎಡಗಡೆಗೆ ತಿರುಗಿ ಮಲ್ಕೋ. ನಿಂಗೆ ಬಲಗಡೆಗೆ ಮಲಗಿದ್ರೆ ನಿದ್ದೆ ಬರಲ್ಲ" ಅಂದು ಇಟ್ಟುಬಿಟ್ಟರು. ಮೂವತ್ಮೂರು ವರ್ಷದ ಸಂಸಾರದಲ್ಲಿ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಹಾಸಿಗೆಯ ಮುಂದೆ ನಿಂತೆ. ಚಾದರದ ಮೂಲೆ ಹಿಡಿದೆ. ಕಣ್ಣು ಮುಚ್ಚಿ ಎಳೆದೆ. ಆ ಸದ್ದಿಗೆ ಮೈ ಜುಮ್ಮೆಂದಿತು. ಹತ್ತಿ ಒಳಗೆ ಸೇರಿಕೊಂಡು, ಎಡಗಡೆಗೆ ತಿರುಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ.

ನಿದ್ದೆ ಎಲ್ಲಿ ಬರಬೇಕು? ಹಗಲು ಹೊತ್ತು ಮಲಗಿ ಗೊತ್ತಿಲ್ಲದ ಜೀವ. ಹೊರಗೆ ತಳ್ಳುಗಾಡಿಯ ಚಕ್ರ ಕಿರುಗುಟ್ಟಿದರೆ ಅದಕ್ಕೆ ಎಣ್ಣೆ ಬೇಕು ಅನ್ನಿಸುತ್ತದೆ. ಪಕ್ಕದ ಕೋಣೆಯಲ್ಲಿ ನೀರು ಬಿದ್ದರೆ ಟವೆಲ್ ಸಾಲದಾಯಿತೇನೋ ಅನ್ನಿಸುತ್ತದೆ. ಹತ್ತು ಗಂಟೆ ಹೊಡೆಯಿತು. ಎಡಗಡೆ ಸಾಕಾಗಿ ಅಂಗಾತ ಮಲಗಿದೆ.

ಆಗ ಕಂಡಿತು ಅದು. ಛತ್ರಿಯ ಬಟ್ಟೆ ತಲೆದಿಸೆಯಲ್ಲಿ ಒಂದು ಮರದ ಬಳೆಗೆ ಸೇರುತ್ತದೆ. ಆ ಬಳೆಯ ಒಳಮೈಯಲ್ಲಿ, ಮಡಿಕೆಗಳ ನಡುವೆ, ಅಂಗೈಯಗಲದ ಜೇಡರ ಬಲೆ. ಇವತ್ತಿನದಲ್ಲ, ನಿನ್ನೆಯದಲ್ಲ. ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ, ವರ್ಷಗಳ ಬಲೆ. ನಾವು ಏಣಿ ಹಾಕಿ ಒರೆಸುತ್ತಿದ್ದದ್ದು ಹೊರಗಿನಿಂದ. ಬಗ್ಗಿ ಹಾಸಿಗೆ ಹಾಸುವವರಿಗೆ ಚಾದರ ಕಾಣುತ್ತದೆ, ನಿಂತು ಪರೀಕ್ಷೆ ಮಾಡುವವರಿಗೆ ಜಾಲರಿ ಕಾಣುತ್ತದೆ. ಬಳೆಯ ಒಳಮೈ ಕಾಣುವುದು ದಿಂಬಿನ ಮೇಲೆ ತಲೆಯಿಟ್ಟವರಿಗೆ ಮಾತ್ರ. ಈ ಕೋಣೆ ಹಿಡಿದ ದೊಡ್ಡವರೆಲ್ಲ ಇದನ್ನು ನೋಡುತ್ತಾ ಮಲಗಿದ್ದರು. ಹೊಸಬರು ಮೇಜಿನ ಕಾಲಿನಲ್ಲಿ ಒಂದು ಎಳೆ ಧೂಳು ಬಿಟ್ಟರೆ ಕರೆದು ತೋರಿಸುತ್ತಿದ್ದವಳು ನಾನು!

ನಾಚಿಕೆಯಾಯಿತು, ಸಿಟ್ಟು ಬಂತು, ಆಮೇಲೆ ನಗು ಬಂತು. ಕಾಲು ಆಗಲೇ ಮಂಚದಿಂದ ಅರ್ಧ ಇಳಿದಿತ್ತು. ಮೂಲೆಯ ಕುರ್ಚಿ ಎಳೆದುಕೊಂಡು, ಮುಖ ಒರೆಸುವ ಬಟ್ಟೆ ಒದ್ದೆ ಮಾಡಿ ಹತ್ತಿದರೆ ಎರಡು ನಿಮಿಷದ ಕೆಲಸ. ಹಾಗೆ ಇಳಿದಿದ್ದರೆ ಮತ್ತೆ ಹಾಸಿಗೆಗೆ ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಬಲೆ ಆದ ಮೇಲೆ ಕಿಟಕಿ, ಕಿಟಕಿ ಆದ ಮೇಲೆ ದೀಪ, ಹನ್ನೆರಡಾಗುವಾಗ ಕೋಣೆ ಫಳಫಳ ಹೊಳೆಯುತ್ತಿತ್ತು, ಪಟ್ಟಿಯಲ್ಲಿ ಮತ್ತೆ "ಮಲಗಿಲ್ಲ".

"ಇವತ್ತು ನೀನು ಅತಿಥಿ ಕಣೇ" ಎಂದು ಗಟ್ಟಿಯಾಗಿ ನನಗೆ ನಾನೇ ಹೇಳಿಕೊಂಡೆ. ಕಾಲನ್ನು ಮೇಲೆ ಎಳೆದುಕೊಂಡೆ. ಎರಡೂ ಕೈಯನ್ನು ಬೆನ್ನ ಕೆಳಗೆ ಒತ್ತಿ ಇಟ್ಟುಕೊಂಡೆ. ಬಲೆಯನ್ನು ದುರುಗುಟ್ಟಿ ನೋಡುತ್ತಾ, ನೀನೂ ಇರು, ನಾನೂ ಇರುತ್ತೇನೆ, ಯಾರು ಗೆಲ್ಲುತ್ತಾರೋ ನೋಡೋಣ ಅಂದೆ. ಬಲೆಯ ಒಂದು ಎಳೆ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಅಷ್ಟೇ ನೆನಪು.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಯಾವ ಊರು, ಯಾವ ಮನೆ ಒಂದೂ ತಿಳಿಯಲಿಲ್ಲ. ಗಂಟೆ ಹನ್ನೆರಡಕ್ಕೆ ಐದು ನಿಮಿಷ. ದಡಬಡಿಸಿ ಎದ್ದು ಸೀರೆ ಸರಿಮಾಡಿಕೊಂಡೆ. ಕೈ ತಾನಾಗಿಯೇ ಚಾದರದ ಅಂಚಿಗೆ ಹೋಯಿತು. ಬಲಗೈಯನ್ನು ಎಡಗೈಯಿಂದ ಹಿಡಿದು ಎಳೆದೆ. ಒಂದು ದಿಂಬು ನೆಲಕ್ಕೆ ಬಿದ್ದಿತ್ತು, ಹೊದಿಕೆ ಕಾಲಡಿಯಲ್ಲಿ ಮುದ್ದೆಯಾಗಿತ್ತು. ಹಾಗೆಯೇ ಬಿಟ್ಟು ಬಾಗಿಲು ತೆರೆದೆ. ಮಕ್ಕಳನ್ನು ಮೊದಲ ದಿನ ಶಾಲೆಯಲ್ಲಿ ಬಿಟ್ಟು ಬಂದಾಗ ಕೂಡ ಇಷ್ಟು ಕಷ್ಟವಾಗಿರಲಿಲ್ಲ.

ಹೊರಗೆ ಗಡಿಯಾರ ನಿಂತಿದ್ದಳು, ಹೊತ್ತಿಗೆ ಮೊದಲೇ. ಅವಳ ಹಿಂದೆ ಇಸ್ತ್ರಿ. ಗಡಿಯಾರ ನನ್ನನ್ನು ನೋಡಲಿಲ್ಲ, ನೇರ ಮಂಚದ ಬಳಿ ಹೋದಳು. ನಾನು ಕಲಿಸಿದಂತೆಯೇ ಮೊದಲು ಚಾದರದ ನಡುಭಾಗವನ್ನು ಹಿಂಗೈಯಿಂದ ಮುಟ್ಟಿದಳು. ಆಮೇಲೆ ದಿಂಬಿನ ಮೇಲೆ ಬಗ್ಗಿದಳು.

"ಬಿಸಿ ಇದೆ ಸಾರ್. ತಲೆ ಕೂತ ಗುಳಿ ಇದೆ." ಇನ್ನಷ್ಟು ಬಗ್ಗಿ ನೋಡಿದಳು. "ಜೊಲ್ಲೂ ಸುರಿದಿದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೇಳುತ್ತೇನೆ, ಆ ಮಾತು ಕೇಳಿ ಆದಷ್ಟು ಸಂತೋಷ ನಿವೃತ್ತಿಯ ದಿನ ಹಾರ ಹಾಕಿದಾಗಲೂ ಆಗಿರಲಿಲ್ಲ. ಗಡಿಯಾರ ಇಸ್ತ್ರಿಯ ಕೈಯಿಂದ ಪಟ್ಟಿ ತೆಗೆದುಕೊಂಡು, ಬೆಳಿಗ್ಗೆ ಬರೆದದ್ದನ್ನು ಹೊಡೆಯದೆ, ಅದರ ಪಕ್ಕದಲ್ಲಿ ಗಂಟೆ ನಮೂದಿಸಿ "ಮಲಗಿದ್ದಾರೆ" ಎಂದು ಬರೆದು ಕೊಟ್ಟಳು. ಇಸ್ತ್ರಿ ಅದನ್ನು ಎರಡು ಸಲ ಓದಿದರು. ಕಾಗದದಲ್ಲಿದ್ದದ್ದನ್ನು ನಂಬದೆ ಇರುವುದು ಅವರಿಗೆ ಸಾಧ್ಯವಿರಲಿಲ್ಲ.

"ಬನ್ನಿ ಅಮ್ಮಾ" ಅಂದರು.

ಕೆಳಗೆ ಪುಸ್ತಕ ಹೊರಗಿತ್ತು. ಅವರೇ ಪುಟ ತೆರೆದು ನನ್ನ ಕಡೆ ತಿರುಗಿಸಿ ಇಟ್ಟರು. ನನ್ನ ಹಿಂದಿನ ಹೆಸರು ಯಾವುದೋ ದೇಶದ ರಾಯಭಾರಿಯದು, ಅಭಿಪ್ರಾಯದ ಕೆಳಗೆ "ಅತ್ಯುತ್ತಮ" ಎಂದು ಗೀಚಿದ್ದರು. ನಾನು ನನ್ನ ಪೆನ್ನು ತೆಗೆದು, ಅವಸರ ಮಾಡದೆ ನನ್ನ ಪೂರ್ತಿ ಹೆಸರು ಬರೆದೆ, ಅಪ್ಪನ ಹೆಸರನ್ನೂ ಸೇರಿಸಿ. ಊರಿನ ಕೆಳಗೆ ಇದೇ ಊರು ಎಂದು ಬರೆದೆ. ಉದ್ಯೋಗದ ಕೆಳಗೆ "ಹಾಸಿಗೆ ಹಾಸುವುದು". ಅಭಿಪ್ರಾಯಕ್ಕೆ ಜಾಗ ಸಾಲದೆ ಅಂಚಿಗೂ ಬರೆಯಬೇಕಾಯಿತು:

"ಹಾಸಿಗೆ ಹಾಸಿದವರ ಕೆಲಸ ಅತ್ಯುತ್ತಮ. ಹದಿನೇಳನೇ ಕೋಣೆಯ ಛತ್ರಿಯ ಬಳೆಯ ಒಳಗೆ ಹಳೆಯ ಜೇಡರ ಬಲೆ ಇದೆ. ಮೂವತ್ತೊಂದು ವರ್ಷ ಅದನ್ನು ಬಿಟ್ಟವಳು ನಾನೇ, ಬೇರೆ ಯಾರದೂ ತಪ್ಪಲ್ಲ. ಮಲಗಿ ನೋಡದವರಿಗೆ ಅದು ಕಾಣುವುದಿಲ್ಲ. ಹಾಸುವವರನ್ನು ವರ್ಷಕ್ಕೊಮ್ಮೆಯಾದರೂ ಮಲಗಿಸಿ ನೋಡಿ."

ಇಸ್ತ್ರಿ ತಲೆಕೆಳಗಾಗಿಯೇ ಓದಿಕೊಂಡರು. "ಅಮ್ಮಾ, ಇದನ್ನ ಮುಂದೆ ಬರೋ ಅತಿಥಿಗಳೆಲ್ಲ ಓದ್ತಾರೆ."

"ಓದ್ಲಿ ಸಾರ್. ಅಲ್ಲಿ ಮಲಗಿದವರೆಲ್ಲ ನೋಡಿದ್ದೇ."

ಇಸ್ತ್ರಿ ಶಾಯಿ ಆರುವವರೆಗೆ ಕಾದು, ಗಾಜಿನ ಮುಚ್ಚಳ ಹಾಕಿದರು. ಆಮೇಲೆ ಗುಮಾಸ್ತನನ್ನು ಕರೆದು ಏಣಿ ಎಲ್ಲಿದೆ ಎಂದು ಕೇಳಿದರು.

ಗಡಿಯಾರ ನನ್ನ ಪೆಟ್ಟಿಗೆ ಹಿಡಿದು ಮುಂಬಾಗಿಲಿನ ಜಮಖಾನ ಶುರುವಾಗುವ ಕಡೆಯವರೆಗೆ ಬಂದಳು. ಅಲ್ಲಿಂದ ಮುಂದೆ ಕೆಲಸದವರು ಕಾಲಿಡುವಂತಿಲ್ಲ. ಪೆಟ್ಟಿಗೆ ನನ್ನ ಕೈಗೆ ಕೊಟ್ಟು, ಗಾಜಿನ ಮೇಜಿನ ಕಡೆ ತಿರುಗಿ ನೋಡಿದಳು.

"ಅಕ್ಕಾ, ನಂಗಿನ್ನೂ ಹನ್ನೊಂದು ವರ್ಷ ಇದೆ."

"ಇರ್ಲಿ. ಹನ್ನೊಂದು ವರ್ಷ ಏನ್ ಮಹಾ?" ಅಂದೆ. "ಫ್ರಿಜ್ ಮಾತ್ರ ತಗೋಬೇಡ."